ಬರೀ ತರಕಾರಿ

ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಭುಜದಿಂದ ಬಾಗಿಲು ತಳ್ಳಿಕೊಂಡು ಅವಳು ಕ್ಯಾಂಟೀನಿನ ಅಡುಗೆಮನೆಯೊಳಗೆ ಬಂದಳು. 'ನಿಮ್ಮ ಸಾರು ಬಹಳ ಚೆನ್ನಾಗಿತ್ತು.' ಈ ದೇಶದ ಭಾಷೆಯಲ್ಲಿ ಅದನ್ನು ಹೇಳುವುದನ್ನು ಹಾಸ್ಟೆಲಿನ ರಿಸೆಪ್ಷನಿಸ್ಟ್ ಕಲಿಸಿದ್ದಳು. ದಾರಿಯುದ್ದಕ್ಕೂ ಇವಳು ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಅಡುಗೆಯ ಅಜ್ಜಿ ತಿರುಗಿ ನೋಡಿ ನಕ್ಕಳು. ಬಟ್ಟಲು ಕಂಡು, ಇನ್ನಷ್ಟು ಬೇಕೇನೋ ಎಂದುಕೊಂಡು ದೊಡ್ಡ ಪಾತ್ರೆಗೆ ಸೌಟು ಇಳಿಸಿದಳು. ಸೌಟಿನಲ್ಲಿ ಒಂದು ಮೂಳೆ ಬಂತು. ಅದನ್ನು ಪಕ್ಕದ ತಟ್ಟೆಗೆ ಹಾಕಿದಳು; ಅಲ್ಲಾಗಲೇ ಒಂದು ಗುಡ್ಡೆಯಿತ್ತು. ಮತ್ತೆ ಸೌಟು ಮುಳುಗಿಸಿ, ಜರಡಿಯಲ್ಲಿ ಸೋಸಿ, ಜೋಪಾನವಾಗಿ ಬಟ್ಟಲಿಗೆ ಬಗ್ಗಿಸಿದಳು. ಮೇಲೆ ಕ್ಯಾರೆಟ್, ಎಲೆಕೋಸು. ದಿನವೂ ಅವಳ ಮೇಜಿಗೆ ಬರುತ್ತಿದ್ದ ಅದೇ ಸಾರು.

ಕಲಿತ ವಾಕ್ಯ ಹೇಳದೆಯೇ ಅವಳು ಬಟ್ಟಲು ಹಿಡಿದು ಹೊರಬಂದಳು.

ಕಿಟಕಿಯ ಪಕ್ಕದ ಮೇಜಿನಲ್ಲಿ ದುಭಾಷಿ ಕಾಯುತ್ತಿದ್ದ. ಅವಳ ಕುರ್ಚಿಯನ್ನು ಆಗಲೇ ಎಳೆದಿಟ್ಟಿದ್ದ.

ಅವಳು ಲಿಫ್ಟ್ ಇಂಜಿನಿಯರ್. ಈ ಕಾರ್ಖಾನೆಗೆ ತರಬೇತಿಗೆ ಬಂದವಳು. ಬಂದ ಹೊಸದರಲ್ಲಿ ಬ್ರೆಡ್ಡು, ಬಾಳೆಹಣ್ಣು, ಅಮ್ಮ ಕಟ್ಟಿಕೊಟ್ಟ ಪುಡಿ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಆಗ ಕಂಪನಿ ಗೊತ್ತು ಮಾಡಿದ ದುಭಾಷಿ ಎದುರಿಗೆ ಬಂದು ಕೂತಿದ್ದ. "ಉಪವಾಸ ಮಾಡೋಕೆ ಇಷ್ಟು ದೂರ ಬರಬೇಕಿತ್ತಾ ಮೇಡಂ?" ಪರದೇಶದಲ್ಲಿ ಹೀಗೆ ಕಿವಿಗೆ ಬಿದ್ದ ಕನ್ನಡಕ್ಕೆ ಅವಳ ಅರ್ಧ ಹಸಿವು ಅಲ್ಲೇ ಇಂಗಿತ್ತು.

"ಇಲ್ಲಿ ಮಾಂಸ ಬೇಡ ಅಂದ್ರೆ ಕೋಳಿ ಕೊಡ್ತಾರೆ. ಕೋಳಿ ಬೇಡ ಅಂದ್ರೆ ಮೀನು. ಮೀನೂ ಬೇಡ ಅಂದ್ರೆ ಡಾಕ್ಟರನ್ನ ಕರೀತಾರೆ. ಇರಿ, ನಾನು ಮಾತಾಡ್ತೀನಿ." ಒಳಗೆ ಹೋಗಿ ಹಬೆಯಾಡುವ ಬಟ್ಟಲು ತಂದಿದ್ದ. "ಬರೀ ತರಕಾರಿ."

ಅವಳು ಕಣ್ಣು ಮುಚ್ಚಿಕೊಂಡು ಕುಡಿದಿದ್ದಳು. ಕಣ್ಣು ತೆರೆದಾಗ ಅವನು ತನ್ನ ಊಟ ಮರೆತು ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ಉಪ್ಪಿನ ಡಬ್ಬಿಯ ಕಡೆ ಕಣ್ಣು ತಿರುಗಿಸಿದ್ದ.

ಮೋಟಾರಿಗೆ ಕೈ ಹಾಕುವ ಮುಂಚೆ ಕರೆಂಟ್ ಆಫ್ ಮಾಡಿ, ಯಾರೂ ಮತ್ತೆ ಆನ್ ಮಾಡದಂತೆ ಸ್ವಿಚ್ಚಿಗೆ ತನ್ನದೇ ಬೀಗ ಹಾಕಿ, ಕೀ ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಹೆತ್ತ ತಾಯಿಗೂ ಕೊಡಬಾರದು. ಲಿಫ್ಟ್ ಕೆಲಸದಲ್ಲಿ ಮೊದಲ ಪಾಠವೇ ಅದು. ಅಂಥ ಕೀಯನ್ನು ಒಂದು ದಿನ ಅವಳು ಅವನ ಅಂಗಿಯ ಜೇಬಿಗೆ ಹಾಕಿದ್ದಳು. ಅಲ್ಲಿಂದ ಅದು ಅವನ ಬಳಿಯೇ ಇತ್ತು; 'ನೀವು' ಹೋಗಿ 'ನೀನು' ಬಂದಿತ್ತು.

ನಿನ್ನೆ ಅವನು ಕೇಳಿದ್ದ: "ತರಬೇತಿ ಮುಗಿದ್ಮೇಲೂ ಇಲ್ಲೇ ಇರ್ತೀಯಾ? ನನ್ನ ಜೊತೆ?" ನಾಳೆ ಊಟಕ್ಕೆ ಸಿಕ್ಕಾಗ ಹೇಳುತ್ತೇನೆ ಎಂದಿದ್ದಳು. ಬೆಳಿಗ್ಗೆ ಅಮ್ಮನಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು: "ನನ್ನ ಊಟದ ಚಿಂತೆ ಬಿಡಮ್ಮ. ನೋಡ್ಕೊಳ್ಳೋನು ಸಿಕ್ಕಿದಾನೆ."

"ಏನು, ಅಜ್ಜಿ ಹತ್ರ ಅಷ್ಟು ಹೊತ್ತು?" ದುಭಾಷಿ ಹುಬ್ಬು ಹಾರಿಸಿದ. "ನನಗಿನ್ನೂ ಉತ್ತರ ಬಂದಿಲ್ಲ."

ಅವಳು ಬಟ್ಟಲನ್ನು ಅವನ ಮುಂದಿಟ್ಟಳು. "ಇದರಲ್ಲಿ ಏನಿದೆ?"

"ಬರೀ ತರಕಾರಿ." ರೂಢಿಯಾದ ನಾಲಿಗೆ ತಾನಾಗಿಯೇ ಹೇಳಿತು. ಆಮೇಲೆ ಅವಳ ಮುಖ ನೋಡಿದ.

"ಇನ್ನೊಂದು ಸಲ ಹೇಳಿ."

'ಹೇಳು' ಅಲ್ಲ, 'ಹೇಳಿ'. ಅವನ ಕೈಯ ಚಮಚ ನಿಂತಿತು.

"ಮೊದಲ ದಿನಾನೇ ಕೇಳಿದ್ದೆ," ಎಂದ. "ಮೂಳೆ ಇಲ್ಲದೆ ಪಾತ್ರೆ ಒಲೆಗೇ ಏರಲ್ಲ ಅಂದ್ಲು ಅಜ್ಜಿ. ನೀನು ಸೊರಗಿ ಕಡ್ಡಿ ಆಗಿದ್ದೆ. ಇದೊಂದು ಸಲ ಅಂತ ಸುಳ್ಳು ಹೇಳ್ದೆ. ನೀನು ಕಣ್ಣು ಮುಚ್ಕೊಂಡು ಕುಡಿದೆ. ಆಮೇಲೆ ಹೇಗೆ ಹೇಳ್ಲಿ?"

"ಬಾಯಿಂದ. ಸಂಬಳ ತಗೊಳ್ಳೋದೇ ಅದಕ್ಕಲ್ವಾ?"

"ನಿನ್ನ ಹಸಿವು ನೋಡಕ್ಕಾಗಲಿಲ್ಲ ಕಣೇ."

"ಹಸಿವು ನಂದು. ಬ್ರೆಡ್ಡು ತಿಂದ್ಕೊಂಡು ಇರೋದಾ, ಇದನ್ನ ಕುಡಿಯೋದಾ, ಅದನ್ನ ನಾನು ಹೇಳ್ಬೇಕಿತ್ತು."

"ಒಂದೇ ಒಂದು ಸುಳ್ಳು. ದೇವರಾಣೆಗೂ ಇನ್ನೊಂದಿಲ್ಲ."

"ನನಗೆ ಹೇಗೆ ಗೊತ್ತಾಗುತ್ತೆ?" ಅವಳ ದನಿ ಏರಲಿಲ್ಲ, ಏರಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಈ ಊರಲ್ಲಿ ನಾನು ಕೇಳಿದ್ದೆಲ್ಲಾ ನಿಮ್ಮ ಬಾಯಿಂದ. ಮೇಸ್ತ್ರಿ ನನ್ನ ಕೆಲಸ ಹೊಗಳಿದ್ದು ನಿಜಾನಾ? ಅಥವಾ ನಾನು ಬೇಜಾರು ಮಾಡ್ಕೋಬಾರ್ದು ಅಂತ ಅದನ್ನೂ ಸೋಸಿ ಕೊಟ್ರಾ? ಕರೆಂಟ್ ಆಫ್ ಆಗಿದೆ ಅಂತ ನೀವು ಹೇಳಿದ್ದಕ್ಕೆ ಮೋಟಾರೊಳಗೆ ಮೊಣಕೈವರೆಗೂ ಕೈ ಹಾಕಿದೀನಿ."

"ಅದರಲ್ಲಿ ಯಾವತ್ತಾದ್ರೂ..."

"ಕೀ ಕೊಡಿ."

ಅವನ ಬೆರಳಿಗೆ ಜೇಬೇ ಸಿಗಲಿಲ್ಲ. ಕೊನೆಗೆ ಕೀ ತೆಗೆದು ಮೇಜಿನ ಮೇಲಿಟ್ಟ; ಅವಳು ಎತ್ತಿಕೊಂಡಳು. ಅವನ ಮೈಯ ಬಿಸಿ ಕೀಗೆ ಇನ್ನೂ ಅಂಟಿಕೊಂಡಿತ್ತು. ಅದು ಆರುವವರೆಗೂ ಅವಳು ಮುಷ್ಟಿ ಬಿಚ್ಚಲಿಲ್ಲ.

ಮರುದಿನ ಕೆಲಸದ ಜಾಗದಲ್ಲಿ ಮೇಸ್ತ್ರಿ ಏನೋ ಹೇಳಿದ. "ಆಫ್ ಆಗಿದೆ," ಎಂದ ದುಭಾಷಿ. ಅವಳು ಎದ್ದು ಹೋಗಿ ಸ್ವಿಚ್ ನೋಡಿದಳು, ಬೀಗ ಜಗ್ಗಿ ನೋಡಿದಳು, ಮೀಟರ್ ಹಿಡಿದು ನೋಡಿದಳು. ಆಫ್ ಆಗಿತ್ತು. ನಿಜವೇ ಹೇಳಿದ್ದ. ಅದೂ ಅವಳಿಗೆ ನೋವು ಕೊಟ್ಟಿತು.

ಮಧ್ಯಾಹ್ನ ಅವಳು ಕ್ಯಾಂಟೀನಿಗೆ ಹೋಗಲಿಲ್ಲ. ಕಾರ್ಖಾನೆಯ ಹಿಂಬದಿಯ ಮೆಟ್ಟಿಲ ಮೇಲೆ ಬಾಳೆಹಣ್ಣು ಸುಲಿಯುತ್ತಿದ್ದಾಗ ಅವನು ಬಂದು, ಒಂದು ಮೆಟ್ಟಿಲು ಕೆಳಗೆ ಕೂತ. ಕೈಯಲ್ಲಿ ಸ್ಟೀಲ್ ಡಬ್ಬಿ. ಅಂಗಡಿಯ ಚೀಟಿ ಇನ್ನೂ ಬಿಟ್ಟಿರಲಿಲ್ಲ.

"ಡಬ್ಬಿ ಹೊಸದು, ಪಾತ್ರೆ ಹೊಸದು, ಸೌಟೂ ಹೊಸದು. ಬೆಳಿಗ್ಗೆ ಎದ್ದು ನಾನೇ ಮಾಡಿದೆ. ಬೇಳೆ ಸ್ವಲ್ಪ ತಳ ಹಿಡಿದಿದೆ. ನೋಡು, ಅದನ್ನೂ ಮುಚ್ಚಿಡ್ತಿಲ್ಲ."

ಮುಚ್ಚಳ ತೆರೆದ. ಅನ್ನ, ಬೇಳೆ, ಒಗ್ಗರಣೆಯ ಇಂಗು. ಮನೆ ಬಿಟ್ಟ ಮೇಲೆ ಆ ವಾಸನೆ ಅವಳ ಮೂಗಿಗೆ ಬಿದ್ದಿರಲಿಲ್ಲ. ಬಾಯಲ್ಲಿ ನೀರೂರಿತು. ಹೊಟ್ಟೆ ಮಾನ ಬಿಟ್ಟು ಗುರ್ರೆಂದಿತು; ಅದು ಅವನಿಗೂ ಕೇಳಿಸಿತು. ಅವನ ತುಟಿಯಂಚಿನಲ್ಲಿ ಹಳೆಯ ನಗು ಇನ್ನೇನು ಮೂಡುವುದರಲ್ಲಿತ್ತು.

ಚಮಚದ ಹಿಡಿಯನ್ನು ಅವಳ ಕಡೆ ತಿರುಗಿಸಿ ಚಾಚಿದ. "ಒಂದೇ ಒಂದು ತುತ್ತು. ಬರೀ..."

ಅಷ್ಟು ಹೇಳಿ ಅವನೇ ತಡೆದುಕೊಂಡ.

"ಬೇಡ," ಎಂದಳು.