ವಾಪಸ್ ಮಾಡಲು ಕಾರಣ

ಅಂಗಡಿಯಲ್ಲಿ ಅವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಗುಂಡಿ ತಿರುವುವ ಅಗತ್ಯವೂ ಇಲ್ಲದ ರೇಡಿಯೋ. ಡ್ರಿಲ್ ಕೇಳಲು ಬಂದವರಿಗೆ ಗೋಡೆಯ ಗುಣಾವಗುಣ ವಿವರಿಸುವವನು, ಒಂದು ಸ್ಕ್ರೂ ಕೇಳಿದವರಿಗೆ ಅದರ ವಂಶಾವಳಿ ಹೇಳುವವನು. ಟೂಲ್ಸ್ ಮಾರುವ ಆ ಅಂಗಡಿಗೆ ಅವನ ಬಾಯಿಯೇ ಅರ್ಧ ಬಂಡವಾಳ ಎಂದು ಯಜಮಾನರು ಹೇಳುತ್ತಿದ್ದದ್ದು ಸುಳ್ಳೇನಲ್ಲ.

ಅವಳು ಮೊದಲ ಸಲ ಬಂದದ್ದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು. ಕಿವಿಯ ಹಿಂದೆ ಸೋಪಿನ ನೊರೆ ಒಣಗಿ ಬೆಳ್ಳಗೆ ಅಂಟಿತ್ತು. ಬೆರಳ ತುದಿಗಳು ಇಡೀ ದಿನ ನೀರಲ್ಲಿದ್ದವರ ಬೆರಳಿನಂತೆ ಸುಕ್ಕಾಗಿದ್ದವು. ಕೌಂಟರಿನ ಮೇಲೆ ಆ ಬೆರಳುಗಳನ್ನು ಊರಿ ಅವಳು ಹೇಳಿದಳು, "ಕಾರು ತೊಳೆದ ಮೇಲೆ ಒಣಗಿಸೋಕೆ ಒಂದು ಬ್ಲೋವರ್ ಬೇಕು. ಯಾವುದು ತಗೋಬೇಕು ಅಂತ ನನಗೆ ತಿಳಿಯಲ್ಲ. ನೀವೇ ಹೇಳಿ."

ನೀವೇ ಹೇಳಿ! ರೇಡಿಯೋಗೆ ಯಾರೂ ಇಷ್ಟು ಚಂದವಾಗಿ ಅಪ್ಪಣೆ ಕೊಟ್ಟಿರಲಿಲ್ಲ. ಅವನು ಅರಳು ಹುರಿದಂತೆ ಶುರು ಮಾಡಿದ. ಮಾತಿನ ಮಧ್ಯೆ ಅವಳ ಕಥೆಯೂ ತಿಳಿಯಿತು. ಹಿಂದಿನ ರಸ್ತೆಯ ತಿರುವಿನಾಚೆ ಇರುವ ಕಾರು ತೊಳೆಯುವ ಶೆಡ್ ಅವಳದು ಮತ್ತು ಅವಳ ಅಪ್ಪನದು. ಇಷ್ಟು ವರ್ಷ ಅಪ್ಪ ಬಟ್ಟೆಯಲ್ಲೇ ಒರೆಸಿದರು. ಈಗ ಅವರ ಭುಜ ಮೇಲಕ್ಕೆ ಏಳುವುದಿಲ್ಲ. ಸಾಲದ್ದಕ್ಕೆ ಕನ್ನಡಿಯ ಸಂದಿಯಲ್ಲಿ, ಬಾಗಿಲ ಹಿಡಿಯ ಹಿಂದೆ ಅಡಗಿ ಕೂತ ನೀರಿಗೆ ಬಟ್ಟೆ ಎಟುಕುವುದಿಲ್ಲ. ಕಾರು ಶೆಡ್ ದಾಟಿ ತಿರುವಿಗೆ ಹೋಗುವಷ್ಟರಲ್ಲಿ ಆ ನೀರು ಇಳಿದು, ಒಣಗಿ, ಬಿಳಿ ಗೆರೆ ಎಳೆಯುತ್ತದೆ. ಪ್ರತಿ ವಾರ ಬರುವ ಕಪ್ಪು ಕಾರಿನ ಡಾಕ್ಟರು, ಹೀಗೇ ಆದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದು ಹೇಳಿಬಿಟ್ಟಿದ್ದರು.

ಅವನು ಹೇಳುತ್ತಲೇ ಇದ್ದ. ಅವಳು ಕೇಳುತ್ತಲೇ ಇದ್ದಳು. ನಡುವೆ ಒಮ್ಮೆ ಕೆಳತುಟಿ ಕಚ್ಚಿ, ತಲೆಯನ್ನು ತುಸು ಓರೆ ಮಾಡಿ, ಅವನನ್ನೇ ನೋಡಿದಳು. ಅದು ತಡೆಹಿಡಿದ ನಗುವೋ ತಡೆಹಿಡಿದ ಬೇಸರವೋ ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದ.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಮೆಷಿನ್ ಮನೆಗೆ ಒಯ್ದು ಐದು ದಿನ ಬಳಸಿ ನೋಡಬಹುದು. ಹಿಡಿಸದಿದ್ದರೆ ಹಿಂದಿರುಗಿಸಬಹುದು. ಆದರೆ ಜೊತೆಗೆ ಕೊಟ್ಟ ಗುಲಾಬಿ ಚೀಟಿಯಲ್ಲಿ 'ವಾಪಸ್ ಮಾಡಲು ಕಾರಣ' ಎಂಬುದರ ಮುಂದೆ ಒಂದೆರಡು ಸಾಲು ಬರೆಯಲೇಬೇಕು. ಯಜಮಾನರ ಕಟ್ಟುನಿಟ್ಟು ಅದು.

ಮೊದಲು ಅವನು ಕೊಟ್ಟದ್ದು ಕೈಯಲ್ಲಿ ಹಿಡಿಯುವ ಪುಟ್ಟ ಬ್ಲೋವರ್, ಗ್ಯಾರೇಜಿನವರು ಧೂಳು ಹಾರಿಸುವಂಥದ್ದು. ಐದನೆಯ ದಿನ ಅವಳು ಅದನ್ನು ತಂದು ಕೌಂಟರಿನ ಮೇಲಿಟ್ಟು, ಕೆಲಸವಿದೆ ಎಂದು ಹೊರಟುಹೋದಳು. ಅವನು ಚೀಟಿ ಬಿಡಿಸಿದ. ಒತ್ತಿ ಬರೆದ, ಬಲಕ್ಕೆ ವಾಲಿದ ಅಕ್ಷರಗಳು.

'ಸದ್ದು ವಿಪರೀತ. ಕೆಲಸ ಅಷ್ಟಕ್ಕಷ್ಟೇ.'

ನಮ್ಮ ಭಾಷೆಯ ಉಪಕಾರವೂ ಅದೇ, ಉಪದ್ರವವೂ ಅದೇ. ಯಾರು, ಯಾವುದು ಎಂದು ಹೇಳದೆಯೇ ವಾಕ್ಯ ಮುಗಿಸಿ ಕೈತೊಳೆದುಕೊಳ್ಳಬಹುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮವನು ಬಾಯಿ ಮುಟ್ಟಿ ನೋಡಿಕೊಂಡ.

ಛೆ, ಮೆಷಿನ್ ಬಗ್ಗೆಯೇ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಎರಡನೆಯ ಸಲ ಬ್ಯಾಟರಿಯದ್ದನ್ನು ಕೊಟ್ಟ. ವಯರಿಲ್ಲ, ಹಗುರ, ಎಲ್ಲಿ ಬೇಕಾದರೂ ಒಯ್ಯಬಹುದು. ಹೇಗೆ ಹಿಡಿಯಬೇಕೆಂದು ತಾನೇ ಶೆಡ್ಡಿಗೆ ಬಂದು ತೋರಿಸುತ್ತೇನೆ ಎಂದೂ ಹುಮ್ಮಸ್ಸಿನಲ್ಲಿ ಹೇಳಿದ. ಮರುದಿನ ಅಂಗಿ ಇಸ್ತ್ರಿ ಮಾಡಿಕೊಂಡು ಹೊರಟವನು ತಿರುವಿನವರೆಗೆ ಹೋಗಿ, ಧೈರ್ಯ ಸಾಲದೆ ಹಾಗೇ ಹಿಂದಿರುಗಿದ. ಆ ಮೆಷಿನ್ನಿನ ಜೊತೆ ಬಂದ ಚೀಟಿಯಲ್ಲಿ ಹೀಗಿತ್ತು:

'ಆರಂಭಶೂರ. ಹತ್ತು ನಿಮಿಷಕ್ಕೇ ಉಸ್ಸಪ್ಪಾ. ನೆಚ್ಚಿಕೊಳ್ಳುವ ಹಾಗಿಲ್ಲ.'

ಮೂರನೆಯದು ಬಿಸಿಗಾಳಿ ಬಿಡುವ ಬ್ಲೋವರ್. ಅದರ ಮೂತಿ ಜೋಡಿಸುವುದನ್ನು ತೋರಿಸುವಾಗ ಅವನ ಬೆರಳು ಅವಳ ಬೆರಳಿಗೆ ತಗುಲಿತು. ಇಬ್ಬರೂ ಒಟ್ಟಿಗೆ ಕೈ ಹಿಂದೆ ತೆಗೆದು, ಮೂತಿ ನೆಲಕ್ಕೆ ಬಿದ್ದು, ಅದನ್ನು ಎತ್ತಲು ಇಬ್ಬರೂ ಒಟ್ಟಿಗೆ ಬಗ್ಗಿದರು. ಅವಳ ಕೂದಲಿನಲ್ಲಿ ಶಾಂಪೂವಿನ ವಾಸನೆ ಇತ್ತು, ಕಾರಿನ ಶಾಂಪೂ. ಅವನಿಗೆ ಮೂರು ದಿನ ಕಂಡ ಕಂಡ ಕಾರಿನ ಮೇಲೆಲ್ಲ ಪ್ರೀತಿ ಬಂತು. ನಾಲ್ಕನೆಯ ದಿನ ಚೀಟಿ ಬಂತು.

'ಹತ್ತಿರ ಬಂದರೆ ಬಿಸಿ. ದೂರವೇ ವಾಸಿ.'

ಅವನು ಇದ್ದದ್ದು ಅಕ್ಕನ ಮನೆಯಲ್ಲಿ. ಆ ಸಂಜೆ ಇಂಗು ತಿಂದ ಮಂಗನಂತೆ ಕೂತಿದ್ದ ತಮ್ಮನನ್ನು ನೋಡಿ ಅಕ್ಕ ಕಾರಣ ಕೇಳಿದಳು. ಅವನು ಮೂರು ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಅಕ್ಕ ಒಮ್ಮೆ ಓದಿ, ಇದರಲ್ಲೇನಿದೆ, ಮೆಷಿನ್ ಬಗ್ಗೆ ತಾನೇ ಎಂದಳು. ಮತ್ತೊಮ್ಮೆ ಓದಿ ಕನ್ನಡಕ ಸರಿಮಾಡಿಕೊಂಡಳು.

"ನಿನ್ನ ಬಗ್ಗೆನೂ ಇರಬಹುದು ಕಣೋ. ಮೂರೂ ನಿಜ."

"ಅಕ್ಕಾ."

"ಹೋಗಿ ಕೇಳಿಬಿಡು. ಗಾಳಿ ಬಂದಾಗ ತೂರಿಕೋಬೇಕು."

"ಕೇಳೋಕೆ ಬಾಯಿ ಬಿಡಬೇಕಲ್ಲ. ದೂರು ಇರೋದೇ ಅದರ ಮೇಲೆ."

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಅವನು ಮೊದಲ ಸಲ ಗಂಭೀರವಾಗಿ ತೆಗೆದುಕೊಂಡದ್ದು ಅಂದೇ. ಇನ್ನು ಮೇಲೆ ಸದ್ದು ಕಡಿಮೆ, ದೂರ ಹೆಚ್ಚು ಎಂದು ತೀರ್ಮಾನಿಸಿ ಬಾಯಿಗೆ ಬೀಗ ಹಾಕಿಕೊಂಡ.

ಅದೇ ವಾರ ಅಂಗಡಿಗೆ ಹೊಸದೊಂದು ಬ್ಲೋವರ್ ಬಂದಿತ್ತು. ಗಾಲಿಯ ಮೇಲೆ ನಿಲ್ಲುವಂಥದ್ದು. ಒಳಗೆ ಎರಡು ಮೋಟಾರು, ಗಾಳಿಯ ಜೊತೆ ಮರಳು ಹಾರಿ ಬಣ್ಣಕ್ಕೆ ಗೀರು ಬೀಳದಂತೆ ಫಿಲ್ಟರು, ಕಾರನ್ನು ಒಂದು ಸುತ್ತು ಬರುವಷ್ಟು ಉದ್ದದ ಪೈಪು, ತುದಿಗೆ ರಬ್ಬರಿನ ಮೂತಿ. ಬೆಚ್ಚಗಿನ ಗಾಳಿ, ಸದ್ದು ಮಾತ್ರ ಫ್ಯಾನಿನಷ್ಟು. ಆನ್ ಮಾಡಿದ ಕೂಡಲೇ ಅವನಿಗೆ ತಿಳಿಯಿತು, ಅವಳಿಗೆ ಬೇಕಾದದ್ದು ಇದೇ. ಇದನ್ನು ಕೊಟ್ಟರೆ ಅವಳು ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ ಎಂಬುದೂ ತಿಳಿಯಿತು. ಒಂದು ಕ್ಷಣ ಅದನ್ನು ಗೋದಾಮಿನ ಮೂಲೆಗೆ ತಳ್ಳಿಬಿಡೋಣ ಅನ್ನಿಸಿ, ತಳ್ಳಿಯೂಬಿಟ್ಟ. ಆದರೆ ಮೇಲೇಳದ ಭುಜವೊಂದು ನೆನಪಾಗಿ, ತಳ್ಳಿದ್ದನ್ನು ತಾನೇ ಎಳೆದು ತಂದು ಕೌಂಟರಿನ ಪಕ್ಕ ನಿಲ್ಲಿಸಿದ.

ಅವಳು ಬಂದಾಗ ಅವನು ಎರಡು ಮಾರು ದೂರ ನಿಂತಿದ್ದ. ಇದು ಒಳ್ಳೆಯದು ಎಂದಷ್ಟೇ ಹೇಳಿದ. ಫಿಲ್ಟರ್ ತೊಳೆಯಬಹುದಾ ಎಂದು ಕೇಳಿದಳು, ತಲೆಯಾಡಿಸಿದ. ಎಷ್ಟು ದೂರದಿಂದ ಹಿಡಿಯಬೇಕು ಎಂದಳು, ಗೇಣು ತೋರಿಸಿದ. ಅವಳು ಪೈಪಿನ ಮೇಲೆ ಬೆರಳಾಡಿಸುತ್ತಾ, ಹೊರಡದೆ, ಇನ್ನೇನೋ ಬರುತ್ತದೆ ಎಂದು ಕಾಯುವವಳಂತೆ ನಿಂತಳು. ಹುಬ್ಬುಗಳ ನಡುವೆ ಸಣ್ಣ ಗಂಟು ಬಿತ್ತು.

"ಹುಷಾರಿಲ್ವಾ?"

"ಇದ್ದೀನಿ."

ಅವಳು ಬಾಗಿಲು ನೋಡಿದಳು, ಅವನನ್ನು ನೋಡಿದಳು, ಮತ್ತೆ ಬಾಗಿಲು ನೋಡಿದಳು. ಗಾಲಿ ಉರುಳಿಸಿಕೊಂಡು ಹೊರಟುಹೋದಳು. ಅವನು ಖಾಲಿ ಮೆಟ್ಟಿಲನ್ನು ನೋಡುತ್ತಾ, ಇಷ್ಟೇ ಇತ್ತು ಅಂದುಕೊಂಡ.

ಆದರೆ ಅವಳು ಮೂರನೆಯ ದಿನವೇ ಹಾಜರಾದಳು, ಬ್ಲೋವರ್ ಸಮೇತ. ನಾಲ್ಕು ಮಡಿಕೆ ಮಾಡಿದ ಚೀಟಿಯನ್ನು ಕೌಂಟರಿನ ಮೇಲಿಟ್ಟು, ಅವನು ಬಿಡಿಸುವ ಮೊದಲೇ ಮೆಟ್ಟಿಲಿಳಿದು ಓಡಿದಳು. ಈ ಸಲ ಅಕ್ಷರಗಳು ಗುಂಡಗೆ, ಒಂದಕ್ಕೊಂದು ತಾಗದಂತೆ ಇದ್ದವು. ಅವಸರದಲ್ಲಿ ಅವನು ಅದನ್ನು ಗಮನಿಸಲಿಲ್ಲ.

'ಸದ್ದೇ ಇಲ್ಲ. ಹೀಗಾದರೆ ಕಷ್ಟ. ಮೊದಲಿದ್ದ ಹಾಗೇ ಇದ್ದರೆ ಸಾಕು.'

ಅವನಿಗೆ ತಲೆ ಬುಡ ತಿಳಿಯಲಿಲ್ಲ. ಸದ್ದು ಮಾಡಿದರೆ ತಪ್ಪು, ಮಾಡದಿದ್ದರೂ ತಪ್ಪು. ಮೆಷಿನ್ ಸದ್ದು ಮಾಡುವುದಿಲ್ಲ ಎಂದು ಹಿಂದಿರುಗಿಸಿದವರನ್ನು ಅವನು ಈ ಜನ್ಮದಲ್ಲಿ ಕಂಡಿರಲಿಲ್ಲ. ಚೀಟಿಯನ್ನು ತಿರುವಿ ನೋಡಿದ, ಬೆಳಕಿಗೆ ಹಿಡಿದ. ಕೊನೆಗೆ 'ಮೊದಲಿದ್ದ' ಎಂಬ ಪದದ ಮೇಲೆ ಕಣ್ಣು ನಿಂತಿತು. ಮೊದಲಿದ್ದದ್ದು ಯಾವುದು? ಮೊದಲು ಕೊಟ್ಟ ಬ್ಲೋವರ್! ಒಗಟು ಬಿಡಿಸಿದ ಸಂತೋಷದಲ್ಲಿ, ಕಿವಿ ಕಿತ್ತುಹೋಗುವಂತೆ ಕಿರುಚುವ ಆ ಪುಟ್ಟ ಬ್ಲೋವರನ್ನು ಕಂಕುಳಲ್ಲಿಟ್ಟುಕೊಂಡು ಶೆಡ್ಡಿಗೆ ನಡೆದ. ಈ ಸಲ ತಿರುವಿನಲ್ಲಿ ಹಿಂದಿರುಗಲಿಲ್ಲ.

ಶೆಡ್ಡಿನ ನೆಲ ತೇವವಾಗಿ ಹೊಳೆಯುತ್ತಿತ್ತು. ಕಂಬಕ್ಕೆ ನೇತುಹಾಕಿದ ಕಪ್ಪು ಹಲಗೆಯ ಮೇಲೆ ಅವಳ ಅಪ್ಪ ಸೀಮೆಸುಣ್ಣದಲ್ಲಿ 'ಡಾಕ್ಟರ ಕಾರು, ಮೂರು ಗಂಟೆಗೆ ಕೊಡಬೇಕು' ಎಂದು ಬರೆಯುತ್ತಿದ್ದರು. ಒತ್ತಿ ಬರೆದ, ಬಲಕ್ಕೆ ವಾಲಿದ ಅಕ್ಷರಗಳು. ಅವನು ಹಲಗೆಯನ್ನೇ ನೋಡುತ್ತಾ ನಿಂತುಬಿಟ್ಟ. ಅಪ್ಪ ಅವನ ಕಂಕುಳನ್ನು ನೋಡಿದರು.

"ಈ ರಾಕ್ಷಸನ್ನ ಮತ್ತೆ ಯಾಕಪ್ಪಾ ತಂದೆ?"

"ಚೀಟಿ ಬರೆದಿದ್ದು ನೀವಾ?"

"ಮೊದಲಿನ ಮೂರು ನಾನೇ. ಸದ್ದು ಮಾಡೋದು, ಸುಸ್ತಾಗೋದು, ಸುಡೋದು, ಎಲ್ಲಾ ಸರಿಯಾಗಿ ಬರೆದಿದ್ದೆ. ಆ ನಾಲ್ಕನೇದು ನನಗೆ ಚಿನ್ನದಂಗಿತ್ತು. ಭುಜ ಎತ್ತೋ ಕೆಲಸಾನೇ ಇಲ್ಲ. ನಮ್ಮ ಹುಡುಗಿ ಯಾಕೆ ವಾಪಸ್ ಕೊಟ್ಟಳೋ, ಏನು ಬರೆದಳೋ, ನನಗೆ ತೋರಿಸಲಿಲ್ಲ."

ಕಪ್ಪು ಕಾರಿನ ಆಚೆ ಬದಿಯಲ್ಲಿ ನೀರಿನ ಸದ್ದು ನಿಂತಿತು. ಚಕ್ರ ತೊಳೆಯುತ್ತಾ ಕೂತಿದ್ದ ಅವಳು ನಿಧಾನವಾಗಿ ಎದ್ದಳು. ಮೊದಲು ಹಣೆ ಕಂಡಿತು, ಆಮೇಲೆ ಕಣ್ಣು. ಅಪ್ಪನನ್ನು ಒಮ್ಮೆ ದುರುಗುಟ್ಟಿ ನೋಡಿದ ಆ ಕಣ್ಣು ಅವನ ಕಡೆ ಹೊರಳಿದ್ದೇ ಕೆಳಗಿಳಿಯಿತು. ಕಿವಿ ಕೆಂಪಾಗಿತ್ತು. ಅಪ್ಪ ಇಬ್ಬರನ್ನೂ ಅಳೆದು ನೋಡಿ, ಟ್ಯಾಂಕ್ ತುಂಬಿತೋ ಏನೋ ನೋಡಿ ಬರುತ್ತೇನೆ ಎಂದು ಹಿಂದಕ್ಕೆ ಹೋದರು. ಟ್ಯಾಂಕು ಆಗಲೇ ತುಂಬಿ ಹರಿಯುತ್ತಿತ್ತು.

ಏನು ಮಾಡಲೂ ತೋಚದೆ ಅವನು ಪ್ಲಗ್ ಚುಚ್ಚಿ ಬ್ಲೋವರ್ ಆನ್ ಮಾಡಿದ. ಅದು ಕಿರುಚಿಕೊಂಡಿತು. ಕನ್ನಡಿಯ ಸಂದಿಯಿಂದ ನೀರು ಚಿಮ್ಮಿ ಅವಳ ಮುಖಕ್ಕೇ ಎರಚಿತು. ಅವಳು ಏನೋ ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದಳು. ಕೇಳಿಸಿದವನಂತೆ ತಲೆಯಾಡಿಸಿದ. ಅವಳು ನಗುತ್ತಾ ಬಂದು ಪ್ಲಗ್ ಕಿತ್ತಳು.

ಶೆಡ್ಡಿನಲ್ಲಿ ಒಮ್ಮೆಗೇ ನಿಶ್ಶಬ್ದವಾಯಿತು. ಅವನು ಜೇಬಿನಿಂದ ನಾಲ್ಕನೆಯ ಚೀಟಿ ತೆಗೆದ.

"ಇದು ಯಾರ ಬಗ್ಗೆ ಅಂತ ಬರೆದಿಲ್ಲ. ನನಗೆ ಅರ್ಥ ಆಗ್ತಿಲ್ಲ."

ಅವಳು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಅವನ ಅಂಗಿ ಜೇಬಿನಿಂದಲೇ ಪೆನ್ನು ಎಳೆದಳು. ಚೀಟಿಯನ್ನು ಕಪ್ಪು ಹಲಗೆಗೆ ಒತ್ತಿ ಹಿಡಿದು, ಕೊನೆಯ ಸಾಲಿನ ಮೊದಲಿಗೆ, ಇದ್ದ ಇಷ್ಟೇ ಜಾಗದಲ್ಲಿ, ಒಂದು ಪದ ಸೇರಿಸಿದಳು. ಅವನು ಓದಿದ.

'ನೀವು ಮೊದಲಿದ್ದ ಹಾಗೇ ಇದ್ದರೆ ಸಾಕು.'

ಮೆಷಿನ್ನಿನ ಮೇಲೆ ಬರೆದ ಮೂರನ್ನೂ ತನ್ನ ತಲೆಗೆ ಸುತ್ತಿಕೊಂಡವನು, ತನಗೇ ಬರೆದ ಒಂದನ್ನು ಮೆಷಿನ್ನಿಗೆ ಕಟ್ಟಿದ್ದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚೀಟಿಯನ್ನು ಮತ್ತೊಮ್ಮೆ ಓದಿದ.

"ಈಗಲೂ ಮಾತಿಲ್ವಾ?" ಎಂದಳು ಅವಳು. "ಅವತ್ತು ನೀವು ಸುಮ್ಮನಿದ್ದಿದ್ದು ನೋಡಿ, ನಾನು ಬಂದಿದ್ದೇ ನಿಮಗೆ ಬೇಡವಾಗಿದೆ ಅಂದ್ಕೊಂಡೆ. ಎರಡು ದಿನ ಕೆಲಸಾನೇ ಸಾಗಲಿಲ್ಲ."

ಆಗ ಬೀಗ ಕಳಚಿತು. "ನೀವು ಬ್ಲೋವರ್ ತಗೊಂಡ್ಬಿಟ್ರೆ ಮತ್ತೆ ಬರಲ್ಲ ಅಂತ ನನಗೆ ಹೆದರಿಕೆ. ಒಳ್ಳೇದು ಕೊಡಬೇಕು, ಕೊಟ್ರೆ ನೀವು ಹೋಗಿಬಿಡ್ತೀರಿ. ನನಗೆ ನೀವು ಬೇಕು. ಇದನ್ನ ಹೇಗೆ ಹೇಳೋದು ಅಂತ ಗೊತ್ತಾಗದೆ ಸ್ಕ್ರೂ, ನಟ್ಟು, ಫಿಲ್ಟರು ಅಂತೆಲ್ಲಾ ಮಾತಾಡ್ತಿದ್ದೆ."

"ಗೊತ್ತು. ಒಳ್ಳೇದು ಅಂತ ಗೊತ್ತಿದ್ದೂ ನಾನು ಯಾಕೆ ವಾಪಸ್ ತಂದೆ ಅಂದ್ಕೊಂಡ್ರಿ?"

ಅವಳ ಕೆನ್ನೆಯ ಮೇಲೆ ಕನ್ನಡಿಯ ನೀರಿನ ಹನಿ ಇನ್ನೂ ನಿಂತಿತ್ತು. ಅವನು ಬೆರಳಿನಿಂದ ಒರೆಸಿದ. ಅವಳು ದೂರ ಸರಿಯಲಿಲ್ಲ. ಹಿಂದಿನಿಂದ ಅಪ್ಪ ಬೇಕೆಂದೇ ಜೋರಾಗಿ ಕೆಮ್ಮಿದರು. ಟ್ಯಾಂಕಿನ ನೀರು ಹರಿದು ಬಂದು ಇಬ್ಬರ ಚಪ್ಪಲಿಯನ್ನೂ ನೆನೆಸಿತು.

"ಹಾಗಾದ್ರೆ ಬ್ಲೋವರ್ ಯಾವುದು?" ಎಂದು ಅವನು ಕೇಳಿದ.

"ನಾಲ್ಕನೇದೇ. ಸದ್ದು ಮಾಡದೇ ಇರೋದು."

"ಸದ್ದಿಲ್ಲ ಅಂತ ತಾನೇ ದೂರು ಬರೆದಿದ್ರಿ?"

ಅವಳು ಕೆಳತುಟಿ ಕಚ್ಚಿ, ತಲೆಯನ್ನು ತುಸು ಓರೆ ಮಾಡಿ, ಮೊದಲ ದಿನದಂತೆಯೇ ಅವನನ್ನು ನೋಡಿದಳು. ಅದು ನಗುವೇ ಎಂದು ಅವನಿಗೆ ಈಗ ಗೊತ್ತಾಯಿತು.

"ಅದು ಸುಮ್ಮನಿದ್ರೆ ತಾನೇ," ಎಂದಳು, "ಕೆಲಸ ಮಾಡ್ತಾ ನಿಮ್ಮ ಮಾತು ಕೇಳೋಕಾಗೋದು."