ಮಿಸುಕದ ಕೂಸು

ಕೂಸಿನ ತಲೆಯ ಮೇಲಿನ ಟೋಪಿ ಕೆಂಪಾಯಿತು. ಉಸಿರಿನ ನಳಿಗೆ ಇನ್ನೂ ಡಾಕ್ಟರ ಕೈಯಲ್ಲೇ ಇತ್ತು. ನರ್ಸ್ ನೀಲಮ್ಮ ಕೂಸಿನ ಎರಡೂ ಕೈಗಳನ್ನು ಅದರ ಎದೆಗೆ ಒತ್ತಿ ಹಿಡಿದಿದ್ದಳು, ಅಷ್ಟೇ. ಹುಬ್ಬಳ್ಳಿಯ ಆ ಆಸ್ಪತ್ರೆಯಲ್ಲಿ ಅವಳ ಹಿಡಿತಕ್ಕೆ ಮೂವತ್ತೈದು ವರ್ಷಗಳ ಹೆಸರಿತ್ತು. ನೀಲಮ್ಮ ಹಿಡಿದರೆ ಕೂಸು ಮಿಸುಕುವುದಿಲ್ಲ ಎಂದು ದೊಡ್ಡ ಡಾಕ್ಟರುಗಳೇ ಹೊಗಳಿದ್ದುಂಟು. ಹೊಗಳಿಕೆ ಯಾರಿಗೆ ಬೇಡ? ಆದರೆ ಇಂದು ಕೈಯಲ್ಲಿದ್ದದ್ದು ಮಗಳು ಚಂಪಾಳ ಕೂಸು, ದಿನ ತುಂಬದೆ ಹುಟ್ಟಿದ ಒಂದು ಕಿಲೋ ಜೀವ.

"ಸಿಸ್ಟರ್, ಕೈ ಸಡ್ಲ ಬಿಡ್ರಿ," ಎಂದಳು ಡಾಕ್ಟರ್ ಶಕೀಲಾ ನದಾಫ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಆ ಟೋಪಿಯನ್ನು ಕಂಡುಹಿಡಿದವಳು ಅವಳೇ. ನೋವಾದಾಗ ಮಿದುಳಿನಲ್ಲಿ ಏಳುವ ವಿದ್ಯುತ್ ಅಲೆಗಳನ್ನು ಅದು ಗುರುತಿಸುತ್ತಿತ್ತು. ಕೂಸು ಅಳಲಿ ಬಿಡಲಿ, ನೋವಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು.

"ಮೊದ್ಲು ನಳಿಗಿ ಹಾಕ್ರಿ ಡಾಕ್ಟ್ರ. ಉಸಿರು ನಿಂತೀತು."

"ನೋವು ಗೊತ್ತಾಗದಂಗ ಮಂಪರಿನ ಔಷಧ ಈಗಷ್ಟ ಕೊಟ್ಟೇನಿ. ಹಸಿರಾಗೂತನಕ ಹಾಕಂಗಿಲ್ಲ."

"ಅದರಿಂದ ಬಿ.ಪಿ. ಇಳಿದ್ರ?"

"ಇಳೀಬಹುದು. ಅಂಜಿಕಿ ನನಗೂ ಐತ್ರಿ."

ಡಾಕ್ಟರೇ ಹಾಗಂದ ಮೇಲೆ ನೀಲಮ್ಮ ಕೂಸನ್ನು ಇನ್ನೂ ಬಿಗಿಯಾಗಿ ಹಿಡಿದಳು. ಶಕೀಲಾ ಪುಟ್ಟ ಚೀಲವನ್ನು ಒತ್ತುತ್ತ ಮಾಸ್ಕಿನಿಂದ ಕೂಸಿಗೆ ಉಸಿರು ಕೊಡುತ್ತಿದ್ದಳು. ಪರದೆಯ ಮೇಲೆ ಆಮ್ಲಜನಕದ ಅಂಕಿ ಎಂಬತ್ತೆಂಟು, ಎಂಬತ್ತನಾಲ್ಕು, ಎಂಬತ್ತೊಂದು. ಗಾಜಿನಾಚೆ ಚಂಪಾ ಕೊರಳಿಗೆ ಕೈ ಹಚ್ಚಿಕೊಂಡು ನಿಂತಿದ್ದಳು. ಕೊರಳಿಗೆ ಏನು ತಾಕಿದರೂ ಅವಳಿಗೆ ಚಿಕ್ಕಂದಿನಿಂದ ಆಗದು, ತಾಳಿಯನ್ನೂ ತೆಗೆದಿಟ್ಟಿದ್ದಳು. ಮನೆಯವರೆಲ್ಲ ಅದನ್ನು ನಖರಾ ಎನ್ನುತ್ತಿದ್ದರು.

ನೀಲಮ್ಮ ಹಿಡಿತ ಸಡಿಲಿಸಿದಳು. ಕೂಸಿನ ಬೆರಳುಗಳು ಬಿಚ್ಚಿಕೊಂಡು ಅವಳ ಬೆರಳನ್ನು ಹಿಡಿದವು. ಕೆಂಪು ಹಳದಿಯಾಯಿತು. ಹಳದಿಯಲ್ಲೇ ನಿಂತಿತು. ದೇವರೇ, ಇನ್ನೆಷ್ಟು ಹೊತ್ತು? ಆಮೇಲೆ ಹಸಿರು. ಶಕೀಲಾ ಕೂಸಿನ ಗಂಟಲಿಗೆ ನಳಿಗೆ ಇಳಿಸಿದಳು, ಟೋಪಿ ಹಸಿರಾಗಿಯೇ ಇತ್ತು, ಅಂಕಿ ತೊಂಬತ್ತು ದಾಟಿತು.

"ಉಳೀತವ್ವ," ಎನ್ನುತ್ತ ನೀಲಮ್ಮ ಹೊರಗೆ ಬಂದು ಬೆಂಚಿನ ಮೇಲೆ ಕುಳಿತಳು.

ಚಂಪಾ ಅತ್ತಳು, ಮೂಗು ಒರೆಸಿಕೊಂಡಳು, ಕೊರಳಿಗೆ ಕೈ ಹಚ್ಚಿಕೊಂಡೇ ಅವ್ವನ ಪಕ್ಕ ಕುಳಿತಳು.

"ಅವ್ವಾ, ಎರಡು ಸಾವಿರದ ಇಪ್ಪತ್ತಾರರಾಗ ನಾ ಹುಟ್ಟಿದಾಗ ನನಗೂ ನಳಿಗಿ ಹಾಕಿದ್ರಲ್ಲ. ಆಗ ಈ ಟೋಪಿ ಇರಲಿಲ್ಲ. ಮಂಪರಿನ ಔಷಧ?"

"ಇತ್ತು."

"ಕೊಟ್ಟಿದ್ರೇನು?"

ಪ್ರತಿ ಹುಟ್ಟುಹಬ್ಬಕ್ಕೂ ನೀಲಮ್ಮ ಹೆಮ್ಮೆಯಿಂದ ಹೇಳುತ್ತಿದ್ದ ಮಾತೊಂದಿತ್ತು: ನಳಿಗೆ ಹಾಕುವಾಗ ನೀ ಒಂಚೂರೂ ಮಿಸುಕಲಿಲ್ಲ, ಎಂಥಾ ಶಾಣ್ಯಾ ಕೂಸು. ಇಂದು ಆ ಮಾತು ಬಾಯಿಂದ ಹೊರಡಲಿಲ್ಲ.

"ಇಲ್ಲವ್ವ," ಎಂದಳು. "ನಾನ ಹಿಡಿದಿದ್ದೆ."