ಕಣ್ಣು ಬಿದ್ದ ಯಂತ್ರ

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮೇಲೆ ಕೂತ ಜ್ವಾಲಾವಿದ್ಯುತ್ ಯಂತ್ರ ಹೂಂಕರಿಸಿದ ಹೊಡೆತಕ್ಕೆ ಹರಿಹರದ ಸೇತುವೆ ಒಂದು ಗೇಣು ಆಚೆ ಸರಿಯಿತು. ಹೊಟ್ಟಿನ ಉರಿಗೆ ಆಮ್ಲಜನಕ ಊದಿ ಎಬ್ಬಿಸಿದ ಆ ಬೆಂಕಿಯನ್ನು ಕಂಡು ಸೂರ್ಯನೇ ಬೆವರೊರೆಸಿಕೊಂಡ. ಎಲ್ಲ ಸರಿ, ವಿದ್ಯುತ್ತು ಮಾತ್ರ ಮಿಣುಕುಹುಳಕ್ಕೂ ಸಾಲುವಷ್ಟು ಬರಲಿಲ್ಲ.

ಹೊಸ ಕಾಲದ ಕಾನೂನು ಖಡಾಖಂಡಿತ. ಭಟ್ಟಿ ತನ್ನ ಉರಿಯಿಂದಲೇ ವಿದ್ಯುತ್ತು ಕೊಡಬೇಕು, ಇಲ್ಲವೇ ಸಂಜೆಗೆ ಬೀಗ. ಬೀಗ ಬಿದ್ದರೆ ತಿಪ್ಪಮ್ಮನಿಗೆ ತೆರೆಯುವ ಬಾಗಿಲು ಬೇರೊಂದಿರಲಿಲ್ಲ. ಅವಳ ಕಣ್ಣು ಬಿದ್ದರೆ ಅರಳಿದ ಮಂಡಕ್ಕಿ ಮತ್ತೆ ಅಕ್ಕಿಯಾಗುತ್ತದೆಂದು ಓಣಿಯೆಲ್ಲ ನಂಬಿತ್ತು. ಭಟ್ಟಿಯ ಯಜಮಾನ ಜಿಲಾನ್ ಸಾಹೇಬರೊಬ್ಬರೇ ಕೆಲಸ ಕೊಟ್ಟಿದ್ದರು. ಅದೂ ಗೋಡೆಯ ಹಿಂದೆ, ಹೊಟ್ಟು ತುಂಬುವುದಕ್ಕೆ.

ಅಂದು ತಡೆಯಲಾರದೆ ಅವಳು ಗೋಡೆಯಾಚೆ ಇಣುಕಿದಳು.

“ಅಯ್ಯಯ್ಯೋ, ತಿಪ್ಪಿ ನೋಡಿಬಿಟ್ಲು! ಅದಕ್ಕ ಕೆಟ್ಟೈತಿ!” ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವ ಕೊಟ್ರಮ್ಮ ಕೂಗಿದಳು.

“ನಾ ನೋಡೋಕ್ ಮುಂಚೇನ ಕೆಟ್ಟಿತ್ತಲ್ಲವ್ವಾ!”

ಯಂತ್ರ ಕಟ್ಟಿದ ವಿಜ್ಞಾನಿ ಕುಮುದಿನಿ ಹಣೆ ಚಚ್ಚಿಕೊಂಡರು. “ಕಣ್ಣೂ ಇಲ್ಲ, ಮಣ್ಣೂ ಇಲ್ಲ. ಅನಿಲ ವಿಪರೀತ ಕಾದರೆ ಅದರ ಕಣಗಳಿಂದ ಎಲೆಕ್ಟ್ರಾನು ಕಳಚಿ ಅಯಾನೀಕೃತ ಅನಿಲವಾಗುತ್ತೆ. ಅದು ಅಯಸ್ಕಾಂತಗಳ ನಡುವೆ ರಭಸವಾಗಿ ಹರಿದರೆ, ಚಕ್ರ ತಿರುಗದೇನೇ ವಿದ್ಯುತ್ತು. ಇಲ್ಲಿ ಅಯಾನುಗಳೇ ಸಾಲ್ತಿಲ್ಲ!”

“ಅಯಾನಿಗೂ ದೃಷ್ಟಿ ತಾಗ್ತತಿ ಬಿಡ್ರಿ ಮೇಡಮ್ಮೋರೆ,” ಎನ್ನುತ್ತಾ ಕೊಟ್ರಮ್ಮ, ಅಕ್ಕಿ ನೆನೆಸಲು ಇಟ್ಟಿದ್ದ ಉಪ್ಪಿನ ಮೂಟೆಯನ್ನೇ ಹೊತ್ತು ತಂದಳು. ಬ್ಯಾಡಗಿ ಮೆಣಸಿನಕಾಯಿ ಸೇರಿಸಿ ಯಂತ್ರಕ್ಕೆ ನಿವಾಳಿಸಿ ಬೆಂಕಿಯ ಬಾಯಿಗೆ ಸುರಿದಳು.

ಘಾಟಿಗೆ ಹುಬ್ಬಳ್ಳಿಯವರೆಗೂ ಕೆಮ್ಮು ಹಬ್ಬಿತು. ಉರಿ ಬಂಗಾರದ ಹಳದಿಯಾಯಿತು. ಮಾಪಕದ ಮುಳ್ಳು ಗಾಜು ಒಡೆದು ಹೊರಗೆ ಹಾರಿತು! ಸ್ಟೇಷನ್ನಿನಲ್ಲಿ ನಿಂತ ರೈಲು, ಡ್ರೈವರು ಚಹಾ ಕುಡಿಯುತ್ತಿದ್ದಂತೆಯೇ, ತಾನೇ ಹೊರಟುಬಿಟ್ಟಿತು.

“ಉಪ್ಪು!” ಕುಮುದಿನಿ ಕೆಮ್ಮುತ್ತಲೇ ಕುಣಿದರು. “ಉಪ್ಪಿನ ಸೋಡಿಯಂ ಎಲೆಕ್ಟ್ರಾನನ್ನ ಸಲೀಸಾಗಿ ಬಿಟ್ಕೊಡುತ್ತೆ! ಕಣ್ಣಿಗೂ ಇದಕ್ಕೂ ಸಂಬಂಧವೇ ಇಲ್ಲ!”

ಕೇಳುವವರು ಯಾರು? ಅಷ್ಟು ದೊಡ್ಡ ದೃಷ್ಟಿ ಇಳಿದದ್ದಕ್ಕೇ ಅಷ್ಟು ಕರೆಂಟು ಬಂತೆಂದು ಓಣಿ ತೀರ್ಮಾನಿಸಿಯಾಗಿತ್ತು. ಮರುದಿನ ತಿಪ್ಪಮ್ಮನ ಬಾಗಿಲಲ್ಲಿ ಭಟ್ಟಿ ಯಜಮಾನರ ಸಾಲು ಚಿತ್ರದುರ್ಗ ಮುಟ್ಟಿತು. “ತಿಪ್ಪಕ್ಕಾ, ನಮ್ ಯಂತ್ರಾನೂ ಒಂದೀಟು ನೋಡಿ ಹೋಗವ್ವಾ.” ಹೋದಲ್ಲೆಲ್ಲ ಕುರ್ಚಿ, ಚಹಾ, ಖಾರಾ ಮಂಡಕ್ಕಿ.

“ನಿಜ ಹೇಳಿಬಿಡ್ತೀನಿ ಇವರಿಗೆ,” ಎಂದರು ಕುಮುದಿನಿ.

“ಹೇಳ್ರಿ ಮೇಡಮ್ಮೋರೆ. ಚಾ ಒಂದ್ ಮುಗೀಲಿ.”

ಆ ಹೊತ್ತಿಗೆ ಕೊಟ್ರಮ್ಮ ಬಂದಳು. ಇಷ್ಟು ದಿನ ತಿಪ್ಪಮ್ಮನ ನೆರಳು ಕಂಡರೂ ಸೆರಗಿನೊಳಗೆ ಮುಚ್ಚಿಡುತ್ತಿದ್ದ ಮೊಮ್ಮಗಳನ್ನು ಅವಳ ಮಡಿಲಿಗೇ ಇಟ್ಟಳು.

“ಕಣ್ತುಂಬ ನೋಡು ತಿಪ್ಪಕ್ಕಾ. ಉಪ್ಪು ಬೇಕಾದಷ್ಟೈತಿ.”